ಬೆಂಚಿನ ಮೇಲೆ ಕುಳಿತವರು

ಹಿಂದಿನ ಕಾಲದಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹೆಣ್ಣು ಕೊಡಲು ಬಂದ ಹಿರಿಯರು ಹೊಲ ಎಷ್ಟು ಎಕರೆ ಎಂದು ಕೇಳುವುದರ ಜೊತೆಗೇ ಎತ್ತು ಎಷ್ಟು ಎಂದೂ ಕೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಸೇರಿವೆ. ಮುಂಗಾರಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದಿತೆಂದರೆ ಬಿತ್ತನೆಯ ಹದ ಇರುವುದು ಮೂರು ನಾಲ್ಕು ದಿನ. ಅಷ್ಟರಲ್ಲಿ ಶೇಂಗಾ ಭೂಮಿಗೆ ಸೇರಬೇಕು. ಆ ದಿನಗಳಲ್ಲಿಯೇ ಜೋಡೆತ್ತಿನಲ್ಲಿ ಒಂದರ ಕಾಲು ಉಳುಕಿದರೆ? ಮುಯ್ಯಿಗೆ ಎತ್ತು ಕೊಡುವವರು ಯಾರು? ಎಲ್ಲರ ಎತ್ತೂ ಅವರವರ ಹೊಲದಲ್ಲಿಯೇ ಇರುತ್ತವೆ. ಹೊಲವಿದ್ದು, ಬೀಜವಿದ್ದು, ಮಳೆಯೂ ಬಂದು, ಒಂದು ಎತ್ತಿನ ಕಾಲಿನ ದೆಸೆಯಿಂದ ವರ್ಷದ ಬೆಳೆ ಕಳೆದುಕೊಂಡ ಮನೆಗಳನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಮೂರನೆಯ ಎತ್ತೊಂದನ್ನು ಸಾಕಿಕೊಂಡವನನ್ನು ಊರವರು ಗೇಲಿ ಮಾಡುತ್ತಿದ್ದರು, ಸುಮ್ಮನೆ ನಿಂತ ಬಾಯಿಗೆ ಮೇವು ಹಾಕುತ್ತಾನೆ ಎಂದು. ಬಿತ್ತನೆಯ ಕಾಲದಲ್ಲಿ ಆ ಗೇಲಿ ನಿಲ್ಲುತ್ತಿತ್ತು.

ಈ ಮಾತನ್ನು ಹೇಳಿ ಕಾಲ್ಚೆಂಡಾಟದ ವಿಷಯಕ್ಕೆ ಬರುತ್ತೇನೆಂದರೆ ಶರಣ ಬಂಧುಗಳು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಲ್ಲಿ ಫುಟ್ಬಾಲಿಗೇನು ಕೆಲಸ ಎಂದು ತಾಯಂದಿರು ಕೇಳಲೂಬಹುದು. ಆದರೆ ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಓದುತ್ತ ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುತ್ತಿದ್ದಾರೆ. ಅವರ ಮಂಡಿ, ಕಣಕಾಲುಗಳ ಚಿಂತೆ ಮನೆಯ ಚಿಂತೆಯೇ ಅಲ್ಲವೆ?

ನಾನು ಮೂವತ್ತಕ್ಕೂ ಹೆಚ್ಚು ವರ್ಷ ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದವನು. ಹುಡುಗರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನಮ್ಮ ಭಾಗದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಇವೇ ಆಟಗಳು. ಫುಟ್ಬಾಲಿಗೆ ಇಲ್ಲಿಯ ನೆಲವೇ ಒಗ್ಗುವುದಿಲ್ಲ. ಗರಸು ಮಣ್ಣು, ಅದರೊಳಗೆ ಜಾಲಿಯ ಮುಳ್ಳು. ಇಲಾಖೆಯಿಂದ ವರ್ಷಕ್ಕೊಂದು ಚೆಂಡು ಬರುತ್ತಿತ್ತು, ಮೊದಲ ವಾರದಲ್ಲಿಯೇ ಗಾಳಿ ಕಳೆದುಕೊಂಡು ಬೀರುವಿನ ಮೇಲೇರುತ್ತಿತ್ತು. ಹಾಗಾಗಿ ಫುಟ್ಬಾಲನ್ನು ನನಗೆ ಕಲಿಸಿದವನು ಬೆಂಗಳೂರಿನಲ್ಲಿರುವ ನನ್ನ ಮಗಳ ಮಗ. ಎಂಟು ಹತ್ತು ವರ್ಷದವನಿದ್ದಾಗಲೇ ಅವನು ಬೆಂಗಳೂರು ಎಫ್.ಸಿ. ಎಂಬ ತಂಡದ ನೀಲಿ ಅಂಗಿ ತೊಟ್ಟು ನನ್ನನ್ನು ಟಿ.ವಿ.ಯ ಮುಂದೆ ಕೂರಿಸಿ ಪಾಠ ಹೇಳುತ್ತಿದ್ದ. ಮೊಮ್ಮಕ್ಕಳ ಪಾಠವನ್ನು ಯಾವ ಅಜ್ಜ ತಪ್ಪಿಸಿಕೊಂಡಾನು!

ಆ ತಂಡದ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 2013ರಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆಯವರು ಅದನ್ನು ಕಟ್ಟಿದರು. ನಮ್ಮ ಮೊಳಕಾಲ್ಮೂರಿನಿಂದ ರಾಂಪುರದ ಮೇಲೆ ಬಳ್ಳಾರಿಗೆ ಹೋಗಿ, ಅಲ್ಲಿಂದ ಹೊಸಪೇಟೆಯ ದಾರಿ ಹಿಡಿದರೆ ಸಿಗುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದೇ ಸಂಸ್ಥೆಯದು. ಅಲ್ಲಿಯೇ ಅವರು ತೆರೆದ ಕ್ರೀಡಾ ಸಂಸ್ಥೆಯಲ್ಲಿ ಈ ತಂಡದವರು ಸೀಸನ್ ಆರಂಭಕ್ಕೆ ಮುಂಚೆ ಬಂದು ಅಭ್ಯಾಸ ನಡೆಸಿದ್ದುಂಟು. ಮೊದಲ ವರ್ಷವೇ, ಅಂದರೆ 2013–14ರಲ್ಲಿ, ಆಶ್ಲೀ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ತರಬೇತುದಾರರ ಕೈಕೆಳಗೆ ಐ–ಲೀಗ್ ಗೆದ್ದರು. 2015–16ರಲ್ಲಿ ಮತ್ತೆ ಗೆದ್ದರು. 2017ರಿಂದ ಇಂಡಿಯನ್ ಸೂಪರ್ ಲೀಗಿನಲ್ಲಿ ಆಡುತ್ತ ಬಂದರು. ನಾಯಕ ಸುನಿಲ್ ಛೆಟ್ರಿಯ ಹೆಸರು ಫುಟ್ಬಾಲ್ ನೋಡದವರಿಗೂ ಗೊತ್ತು.

ಆಟ ನೋಡುವವರ ಕಣ್ಣಿಗೆ ಬೀಳುವುದು ಹನ್ನೊಂದು ಮಂದಿ. ನನ್ನ ಕಣ್ಣು ಮಾತ್ರ ಮೊದಲಿನಿಂದಲೂ ಬೆಂಚಿನ ಮೇಲೆ ಕುಳಿತವರ ಕಡೆಗೆ ಹೋಗುತ್ತದೆ. ಶಾಲಾ ತಂಡಗಳನ್ನು ಕಟ್ಟಿದವನ ಅಭ್ಯಾಸಬಲ ಅದು. ಯುರೋಪಿನಲ್ಲಿ ಯೂಎಫಾ ಸಂಸ್ಥೆಯವರು 2001ರಿಂದ ದೊಡ್ಡ ಕ್ಲಬ್‌ಗಳ ಆಟಗಾರರ ಗಾಯಗಳನ್ನು ಲೆಕ್ಕ ಹಾಕುತ್ತ ಬಂದಿದ್ದಾರೆ. ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಅದರ ಮುಂದಾಳು. ಅವರ ಲೆಕ್ಕದ ಪ್ರಕಾರ 25 ಆಟಗಾರರಿರುವ ತಂಡಕ್ಕೆ ಒಂದು ಸೀಸನ್ನಿನಲ್ಲಿ ಸುಮಾರು 50 ಗಾಯಗಳು ಕಟ್ಟಿಟ್ಟದ್ದು, ಎಂದರೆ ಆಳಿಗೆ ಎರಡು. ತೊಡೆಯ ಸ್ನಾಯುವಿನ ಸೆಳೆತವೇ ಅವುಗಳಲ್ಲಿ ಹೆಚ್ಚು. ಗಾಯ ಆಗುತ್ತದೆಯೋ ಇಲ್ಲವೋ ಎಂಬುದು ಹಾಗಾದರೆ ಪ್ರಶ್ನೆಯೇ ಅಲ್ಲ. ಆದಾಗ ಆ ಜಾಗಕ್ಕೆ ಯಾರು ಎಂಬುದನ್ನು ಪಂದ್ಯಾವಳಿ ಆರಂಭವಾಗುವ ಮುನ್ನವೇ ಯೋಚಿಸಿರಬೇಕು. ಏಕೆಂದರೆ ಆಟಗಾರರನ್ನು ಕೊಳ್ಳುವ ಬಾಗಿಲು ವರ್ಷವೆಲ್ಲ ತೆರೆದಿರುವುದಿಲ್ಲ. ಸೀಸನ್ನಿಗೆ ಮೊದಲು ಒಮ್ಮೆ, ನಡುವೆ ಜನವರಿಯಲ್ಲಿ ಒಮ್ಮೆ ತೆರೆದು ಮುಚ್ಚುತ್ತದೆ. ನವೆಂಬರಿನಲ್ಲಿ ಮಂಡಿ ಹೋದರೆ ಜನವರಿಯವರೆಗೆ ಇದ್ದವರಲ್ಲಿಯೇ ಸುಧಾರಿಸಿಕೊಳ್ಳಬೇಕು. ವಿದೇಶಿ ಆಟಗಾರರಿಗಂತೂ ಇಷ್ಟೇ ಮಂದಿ ಎಂಬ ಮಿತಿಯಿದೆ. ನೆಚ್ಚಿನ ವಿದೇಶಿಯೊಬ್ಬ ಮಲಗಿದನೆಂದರೆ ಅವನ ಜಾಗವನ್ನು ಹಣದಿಂದಲೂ ತುಂಬಲಾಗದು. ಬಿತ್ತನೆಯ ಹದವೂ ಇದೂ ಒಂದೇ ಬಗೆಯವು.

2016ರ ನವೆಂಬರ್ 5ರಂದು ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಆ ಹಂತ ತಲುಪಿದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಅದಕ್ಕೆ ಮೊದಲು ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು 3–1ರಿಂದ ಸೋಲಿಸಿದ್ದರು. ಆದರೆ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಚೀಟಿಗಳ ಕಾರಣದಿಂದ ಅಂತಿಮ ಪಂದ್ಯಕ್ಕೆ ಅನರ್ಹನಾದ. ಇರಾಕಿನ ವಾಯುಪಡೆಯ ತಂಡದೆದುರು ಗೋಲಿನ ಮುಂದೆ ನಿಂತವನು ಎರಡನೆಯ ಕೀಪರ್ ಲಾಲ್‌ತುಆಮ್ಮಾವಿಯಾ ರಾಲ್ಟೆ. ತಂಡ 0–1ರಿಂದ ಸೋತಿತು. ಮರುದಿನ ಪತ್ರಿಕೆಗಳಲ್ಲಿ ಎಲ್ಲರೂ ಆ ಒಂದು ಗೋಲಿನ ವಿಷಯ ಬರೆದರು. ನನಗೆ ಕಾಡಿದ್ದು ಬೇರೆ. ಮುನ್ಪಡೆಯವನಿಗಾದರೆ ಕೊನೆಯ ಹತ್ತು ನಿಮಿಷವಾದರೂ ಆಡಲು ಸಿಗುತ್ತದೆ. ಎರಡನೆಯ ಗೋಲ್‌ಕೀಪರನಿಗೆ ಅದೂ ಇಲ್ಲ. ವಾರಗಟ್ಟಲೆ ಕುಳಿತೇ ಇರುತ್ತಾನೆ. ಅಂಥವನನ್ನು ಒಂದು ದಿನ ಏಷ್ಯಾ ಖಂಡದ ಫೈನಲ್ಲಿಗೆ ಎಬ್ಬಿಸಿ ನಿಲ್ಲಿಸುತ್ತಾರೆ. ಅವನನ್ನು ಆ ದಿನಕ್ಕಾಗಿ ಸಿದ್ಧವಾಗಿಟ್ಟಿರುವುದು ತರಬೇತುದಾರನ ಅತ್ಯಂತ ಕಷ್ಟದ, ಯಾರೂ ಹೊಗಳದ ಕೆಲಸವೆಂದು ನನ್ನ ಎಣಿಕೆ.

ಮೊಮ್ಮಗನ ಹಟಕ್ಕೆ 2018ರ ಮಾರ್ಚ್ 17ರಂದು ನಾನೂ ಕಂಠೀರವಕ್ಕೆ ಹೋಗಿ ಕುಳಿತಿದ್ದೆ. ಆ ವರ್ಷ ಬೆಂಗಳೂರಿನವರು ಲೀಗಿನ 18 ಪಂದ್ಯಗಳಲ್ಲಿ 35 ಗೋಲು ಹೊಡೆದು 40 ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿದ್ದರು. ವೆನೆಜುವೆಲಾದ ಮಿಕು 15, ಛೆಟ್ರಿ 14, ಹೀಗೆ ಇಬ್ಬರೇ ಆ ಸೀಸನ್ನಿನಲ್ಲಿ 29 ಗೋಲು ಹೊಡೆದಿದ್ದರು. ಅಂತಿಮ ಪಂದ್ಯದ ಒಂಬತ್ತನೆಯ ನಿಮಿಷದಲ್ಲಿ ಛೆಟ್ರಿ ಚೆಂಡನ್ನು ಒಳಗೆ ತಳ್ಳಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಕೊನೆಗೆ ಚೆನ್ನೈಯಿನ್ ತಂಡ 3–2ರಿಂದ ಗೆದ್ದಿತು. ಹುಡುಗ ಮನೆಯವರೆಗೂ ಮಾತನಾಡಲಿಲ್ಲ.

ಮುಂದಿನ ಸೀಸನ್ನಿನಲ್ಲಿ ಆ 29ರ ಲೆಕ್ಕದ ಅರ್ಧ ಭಾಗವಾದ ಮಿಕು ಮಂಡಿಯ ಗಾಯದಿಂದ ವಾರಗಟ್ಟಲೆ ಹೊರಗುಳಿದ. ತಂಡ ಕುಸಿಯುತ್ತದೆ ಎಂದೇ ಎಲ್ಲರೂ ಅಂದುಕೊಂಡರು. ಆದರೆ ಆಗಿನ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್ ಆಟದ ರೀತಿಯನ್ನೇ ಸ್ವಲ್ಪ ತಿದ್ದಿದರು. ಗೋಲು ಹೊಡೆಯುವ ಹೊರೆಯನ್ನು ಛೆಟ್ರಿ, ಉದಾಂತ ಸಿಂಗ್ ಮುಂತಾದವರಿಗೆ ಹಂಚಿದರು. ಹೆಚ್ಚು ಗೋಲು ಹೊಡೆಯಲಾಗದಿದ್ದರೆ ಕಡಿಮೆ ಬಿಟ್ಟುಕೊಡೋಣ ಎಂಬ ಒಕ್ಕಲುತನದ ಜಾಣತನ. ಮೊದಲ 11 ಪಂದ್ಯಗಳಲ್ಲಿ ತಂಡ ಸೋಲಲೇ ಇಲ್ಲ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡದೆದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಕಪ್ಪು ಬೆಂಗಳೂರಿಗೆ ಬಂತು. ಭೇಕೆ ಮುನ್ಪಡೆಯವನಲ್ಲ, ರಕ್ಷಣೆಯವನು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ವರ್ಷ ಸೆಮಿಫೈನಲ್ಲಿನ ಮೊದಲ ಪಂದ್ಯದಲ್ಲಿ ಗುವಾಹಟಿಯ ನಾರ್ತ್ ಈಸ್ಟ್ ತಂಡ ನಮ್ಮವರನ್ನು 2–1ರಿಂದ ಸೋಲಿಸಿತ್ತು. ಅವರ ನಾಯಕ ಒಗ್ಬೆಚೆ ಆ ಸೀಸನ್ನಿನಲ್ಲಿ 12 ಗೋಲು ಹೊಡೆದಿದ್ದವನು. ಅವನು ಗಾಯಗೊಂಡು ಎರಡನೆಯ ಪಂದ್ಯಕ್ಕೆ ಇಳಿಯಲಾಗಲಿಲ್ಲ. ಬೆಂಗಳೂರು 3–0ರಿಂದ ಗೆದ್ದಿತು. ನಮ್ಮ ಎತ್ತು ಉಳುಕಿದರೆ ವಿಧಿಯನ್ನು ಬೈಯುತ್ತೇವೆ. ಪಕ್ಕದ ಹೊಲದವನದು ಉಳುಕಿದರೆ ನಮ್ಮ ಬೇಸಾಯವೇ ಚೆನ್ನಾಗಿತ್ತು ಎನ್ನುತ್ತೇವೆ. ಕಪ್ಪು ಎತ್ತಿ ಹಿಡಿದ ಆ ರಾತ್ರಿ ಒಗ್ಬೆಚೆಯನ್ನು ನೆನೆದವರು ಎಷ್ಟು ಮಂದಿ ಇದ್ದರೋ.

2019–20ರಲ್ಲಿ ಮಿಕು ತಂಡ ಬಿಟ್ಟಿದ್ದ. ಅವನ ಜಾಗಕ್ಕೆ ಸ್ಪೇನಿನ ಮಾನ್ವೆಲ್ ಒನ್ವು ಬಂದ. ಎರಡು ವರ್ಷದ ಹಿಂದೆ ಕಂಠೀರವದ ಫೈನಲ್ಲಿನಲ್ಲಿ ನಮ್ಮ ಮೇಲೆಯೇ ಗೋಲು ಹೊಡೆದಿದ್ದ ಬ್ರೆಜಿಲಿನ ರಫಾಯೆಲ್ ಅಗುಸ್ಟೊನನ್ನೂ ಕರೆತಂದರು. ಇಬ್ಬರನ್ನೂ ಗಾಯಗಳು ಕಾಡಿದವು. ಜನವರಿಯಲ್ಲಿ ಒನ್ವುವನ್ನು ಒಡಿಶಾ ತಂಡಕ್ಕೆ ಎರವಲು ಕೊಟ್ಟರು. ಅಲ್ಲಿಗೆ ಹೋದವನೇ ಗೋಲಿನ ಮೇಲೆ ಗೋಲು ಹೊಡೆಯತೊಡಗಿದ! ಆ ವರ್ಷ ಬೆಂಗಳೂರಿನವರು ಲೀಗಿನ 18 ಪಂದ್ಯಗಳಲ್ಲಿ ಹೊಡೆದದ್ದು 22 ಗೋಲು. ರಕ್ಷಣೆ ಗಟ್ಟಿಯಿದ್ದರೂ ಕೋಲ್ಕತ್ತದ ಸೆಮಿಫೈನಲ್ಲಿನಲ್ಲಿ ಕಥೆ ಮುಗಿಯಿತು. ಇದಕ್ಕೆ ದುರದೃಷ್ಟವೆನ್ನಬೇಕೋ ಆಯ್ಕೆಯ ದೋಷವೆನ್ನಬೇಕೋ? ಎರಡೂ ಇದ್ದೀತು. ಆದರೆ ಇಬ್ಬರು ಹೊರಟುಹೋದರೆ ಮೂರನೆಯವನು ಯಾರು ಎಂಬ ಪ್ರಶ್ನೆಗೆ ಆ ಬೇಸಿಗೆಯಲ್ಲಿಯೇ ಉತ್ತರ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿರುವುದು 2023ರ ಮಾರ್ಚ್ 18ರ ಗೋವಾದ ಫೈನಲ್. ಆ ಸೀಸನ್ನಿನಲ್ಲಿ ಪಟ್ಟಿಯ ಕೆಳಗೆ ಬಿದ್ದಿದ್ದ ತಂಡ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ಮೇಲೆ ಬಂದಿತ್ತು. ಅದಕ್ಕೆ ಒಂದು ಕಾರಣ ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್. ಅವನ ವಯಸ್ಸು ಆಗ 21. ಅವನನ್ನು ಮೊದಲ ಹನ್ನೊಂದರಲ್ಲಿ ಆಡಿಸಿ, ಛೆಟ್ರಿಯಂತಹ ಹಿರಿಯನನ್ನು ಬೆಂಚಿನ ಮೇಲೆ ಕೂರಿಸುವ ಧೈರ್ಯವನ್ನು ತರಬೇತುದಾರ ಸೈಮನ್ ಗ್ರೇಸನ್ ತೋರಿದ್ದರು. ಫೈನಲ್ ಆರಂಭವಾಗಿ ಕೆಲವೇ ನಿಮಿಷ. ಶಿವಶಕ್ತಿ ನೆಲಕ್ಕೆ ಬಿದ್ದವನು ಏಳಲಿಲ್ಲ. ಇಡೀ ವರ್ಷದ ಲೆಕ್ಕಾಚಾರ ಅಲ್ಲಿಗೆ ಕೆಟ್ಟಿತು. ಆಗ ಬೆಂಚಿನಿಂದ ಎದ್ದು ಬಂದವರು 38ರ ಛೆಟ್ರಿ. ಮೊದಲಾರ್ಧದ ಕೊನೆಗೆ ಪೆನಾಲ್ಟಿಯಿಂದ ಸಮ ಮಾಡಿದರು. ರಾಯ್ ಕೃಷ್ಣ ಮುಂದೆ ತಂದರು. ಮೋಹನ್ ಬಾಗಾನಿನವರು ಮತ್ತೆ ಸಮ ಮಾಡಿ, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ 4–3ರಿಂದ ಗೆದ್ದರು. ಕಪ್ಪು ಕೈ ತಪ್ಪಿತು. ಆದರೆ ಮೂರನೆಯ ಎತ್ತು ಎಂದರೆ ಏನೆಂಬುದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಆ ಎತ್ತು ಹಳೆಯದೆಂದು ಅಟ್ಟಿಬಿಟ್ಟಿದ್ದರೆ ಪಂದ್ಯ ಪೆನಾಲ್ಟಿಯವರೆಗೂ ಹೋಗುತ್ತಿರಲಿಲ್ಲ.

ಅಷ್ಟು ಕಂಡೂ ಮರುವರ್ಷ ಆದದ್ದೇನು? ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೂ, ಸಂದೇಶ್ ಜಿಂಗನ್ ಮತ್ತು ಉದಾಂತ ಗೋವಾಕ್ಕೂ ಹೋದರು. ರಾಯ್ ಕೃಷ್ಣ ಅಲ್ಲಿ 13 ಗೋಲು ಹೊಡೆದರು. ಇಲ್ಲಿ ಸೀಸನ್ನಿನ ನಡುವೆ, 2023ರ ಡಿಸೆಂಬರಿನಲ್ಲಿ, ಗ್ರೇಸನ್ ಅವರನ್ನು ಬಿಡಿಸಿ ಹೆರಾರ್ಡ್ ಸರಗೋಸಾ ಅವರನ್ನು ತಂದರು. 12 ತಂಡಗಳಲ್ಲಿ 10ನೆಯ ಸ್ಥಾನ. ಆಮೇಲೆ ಮತ್ತೆ ಕಟ್ಟಿದರು. ಭೇಕೆ ಮರಳಿ ಬಂದ, ಪೆರೇರಾ ಡಿಯಾಸ್, ನೊಗೇರಾ ಮುಂತಾದ ಅನುಭವಿಗಳು ಸೇರಿದರು. 2024–25ರಲ್ಲಿ 24 ಪಂದ್ಯಗಳ ದೀರ್ಘ ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದು, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್ಲಿನಲ್ಲಿ ಮೋಹನ್ ಬಾಗಾನಿಗೆ ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತರು. ಆ ಸೀಸನ್ನಿನಲ್ಲಿ ನಲವತ್ತು ದಾಟಿದ ಛೆಟ್ರಿ 14 ಗೋಲು ಹೊಡೆದರು. ಹೆಮ್ಮೆಯ ವಿಷಯವೇ. ಆದರೆ ನಲವತ್ತರ ಹೆಗಲ ಮೇಲೆ ಅಷ್ಟು ನೊಗ ಹೇರಿದ ಮನೆಯಲ್ಲಿ ಕರು ಬೆಳೆಯುತ್ತಿದೆಯೇ ಎಂದು ನೋಡುವುದು ಹಿರಿಯರ ಧರ್ಮ. 2025ರ ಆಗಸ್ಟಿನಲ್ಲಂತೂ ಲೀಗೇ ನಡೆಯುವುದೋ ಇಲ್ಲವೋ ಎಂಬ ಗೊಂದಲದಲ್ಲಿ ಕ್ಲಬ್ಬು ತನ್ನ ಮೊದಲ ತಂಡದವರ ವೇತನವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಮಳೆಯ ಸುಳಿವೇ ಇಲ್ಲದಾಗ ಬಿತ್ತನೆಯ ಯೋಜನೆ ಯಾರು ಮಾಡಿಯಾರು?

ಇದು ನಮ್ಮಲ್ಲಿ ಮಾತ್ರವೇ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ 2020ರಲ್ಲಿ ಲೀಗ್ ಗೆದ್ದ ತಂಡ. ಅದೇ ಅಕ್ಟೋಬರ್ 17ರಂದು ರಕ್ಷಣೆಯ ಆಧಾರಸ್ತಂಭ ವಾನ್ ಡೈಕ್‌ನ ಮಂಡಿ ಹೋಯಿತು, ಮರುತಿಂಗಳು ಗೋಮೆಜ್‌ನದು, ಚಳಿಗಾಲದಲ್ಲಿ ಮಾಟಿಪ್‌ನೂ ಮಲಗಿದ. ತಂಡ ಮೂರನೆಯ ಸ್ಥಾನಕ್ಕಿಳಿಯಿತು. ಸತತ ನಾಲ್ಕು ಸಲ ಗೆದ್ದಿದ್ದ ಮ್ಯಾಂಚೆಸ್ಟರ್ ಸಿಟಿ 2024ರ ಸೆಪ್ಟೆಂಬರಿನಲ್ಲಿ ರೋಡ್ರಿ ಎಂಬ ಒಬ್ಬ ನಡುಗಾರನನ್ನು ಕಳೆದುಕೊಂಡು ಅದೇ ಗತಿ ಕಂಡಿತು. ಇದಕ್ಕೆ ತಿರುವುಮುರುವಾಗಿ 2015–16ರಲ್ಲಿ ಯಾರೂ ಎಣಿಸದ ಲೆಸ್ಟರ್ ಸಿಟಿ ಗೆದ್ದಿತಲ್ಲ, ಆ ಸೀಸನ್ನಿನಲ್ಲಿ ಗಾಯಗಳು ಅತ್ಯಂತ ಕಡಿಮೆ ಕಂಡ ತಂಡಗಳಲ್ಲಿ ಅದೂ ಒಂದು. ಹೆಚ್ಚುಕಡಿಮೆ ಅದೇ ಹನ್ನೊಂದು ಮಂದಿ ವಾರವಾರವೂ ಆಡಿದರು.

ಹಳೆಯ ಬೆಂಗಳೂರಿನ ಫುಟ್ಬಾಲಿನಲ್ಲಿ ಇನ್ನೊಂದು ಬಗೆಯ ರಕ್ಷಣೆ ಇತ್ತು. 1946–47ರಲ್ಲಿ ಮೈಸೂರು ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದ ನಂತರದ ದಶಕಗಳಲ್ಲಿ ಐ.ಟಿ.ಐ., ಹೆಚ್.ಎ.ಎಲ್. ಮುಂತಾದ ಕಾರ್ಖಾನೆಗಳು ತಂಡ ಕಟ್ಟಿದವು. ಆಟಗಾರ ಅಲ್ಲಿಯ ನೌಕರ. ಕಾಲು ಮುರಿದರೂ ತಿಂಗಳ ಸಂಬಳ, ಆಸ್ಪತ್ರೆ ಇರುತ್ತಿದ್ದವು. ಇಂದಿನ ದೊಡ್ಡ ಕ್ಲಬ್ಬುಗಳಲ್ಲಿ ವೈದ್ಯರು, ಫಿಸಿಯೋಗಳು, ಯಂತ್ರಗಳು ಎಲ್ಲವೂ ಇವೆ. ತೊಂದರೆಯಿರುವುದು ಈ ಎರಡರ ನಡುವಿನ ಸಣ್ಣ ಕ್ಲಬ್ಬುಗಳಲ್ಲಿ. 2012ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಫುಟ್ಬಾಲ್ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗಿನ ಪಂದ್ಯವೊಂದರಲ್ಲಿ ಯುವಕನೊಬ್ಬ ಕುಸಿದು ಬಿದ್ದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋರಿಕ್ಷಾದಲ್ಲಿ ಕರೆದೊಯ್ದರು, ಜೀವ ಉಳಿಯಲಿಲ್ಲ. ರಾಜ್ಯದ ರಾಜಧಾನಿಯಲ್ಲಿ, ಲೀಗಿನ ಅಧಿಕೃತ ಪಂದ್ಯದಲ್ಲಿ.

ಈಗ ನಮ್ಮ ಮನೆಯ ವಿಷಯ. ಮೊಮ್ಮಗ ಪಿ.ಯು. ಓದುವಾಗ ಕೆಳ ದರ್ಜೆಯ ಲೀಗಿನಲ್ಲಿ ಆಡುವ ಕ್ಲಬ್ಬೊಂದನ್ನು ಸೇರಿದ. ರಕ್ಷಣೆಯ ಎಡಭಾಗ ಅವನದು. ಕಾಗದದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಮೈದಾನಕ್ಕೆ ಬರುತ್ತಿದ್ದವರು ಹದಿಮೂರು ಹದಿನಾಲ್ಕು. ಪರೀಕ್ಷೆಯ ಕಾಲದಲ್ಲಿ ಅದೂ ಕಡಿಮೆ. ಒಂದು ಭಾನುವಾರ ಅವನ ಮಂಡಿಗೆ ಪೆಟ್ಟು ಬಿದ್ದು ಬಾತಿತು. ನಾಲ್ಕು ದಿನದಲ್ಲಿ ಮತ್ತೊಂದು ಪಂದ್ಯ. ಇವನು ನೋವಿದೆ ಎಂದ. ತಂಡದ ಹಿರಿಯರು, "ನೀನು ಇಳೀದಿದ್ರೆ ಹನ್ನೊಂದು ಜನ ಆಗೋದಿಲ್ಲ ಕಣಪ್ಪಾ" ಎಂದರು. ಮಂಡಿಗೆ ಪಟ್ಟಿ ಸುತ್ತಿಕೊಂಡು ಇಳಿದ. ದ್ವಿತೀಯಾರ್ಧದಲ್ಲಿ ಯಾರೂ ಮುಟ್ಟಲಿಲ್ಲ, ಯಾರೂ ಗುದ್ದಲಿಲ್ಲ. ಚೆಂಡಿನ ಕಡೆ ತಿರುಗಿದವನ ಮಂಡಿಯೊಳಗೆ ಟಪ್ ಎಂದು ಸದ್ದಾಯಿತಂತೆ. ಮುಂಭಾಗದ ಲಿಗಮೆಂಟ್ ಪೂರ್ತಿ ಹರಿದಿತ್ತು. ಶಸ್ತ್ರಚಿಕಿತ್ಸೆಯ ಖರ್ಚನ್ನು ಅಳಿಯಂದಿರು ಭರಿಸಿದರು. ಕ್ಲಬ್ಬಿನವರು ಒಮ್ಮೆ ಬಂದು ಹಣ್ಣು ಕೊಟ್ಟು ಹೋದರು.

ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಗಳು ನನಗೆ ಫೋನು ಮಾಡಿ, "ಅಪ್ಪಾಜಿ, ಇನ್ನು ಆಟ ಸಾಕು ಅಂತ ನೀವೇ ಹೇಳಿಬಿಡಿ. ನಿಮ್ಮ ಮಾತಾದ್ರೆ ಕೇಳ್ತಾನೆ" ಎಂದು ಅತ್ತಳು. ನಮ್ಮ ಮನೆಯವರದೂ ಅದೇ ಪಕ್ಷ. "ಕಬಡ್ಡಿಯಲ್ಲಿ ಕಾಲು ಹೋಗೋದು ನೋಡಿದ್ದು ಸಾಲದೇ ನಿಮಗೆ? ಈ ಕೂಸಿನ ಕಾಲೂ ಬೇಕಾ?" ಎಂದರು. ಅಳಿಯಂದಿರು ಏನೂ ಹೇಳಲಿಲ್ಲ, ಹುಡುಗನ ಮುಖ ನೋಡಿ ಸುಮ್ಮನಾದರು. ಹುಡುಗನಂತೂ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದನಂತೆ.

ಸಾಕು ಎಂದು ನಾನು ಹೇಳಲಿಲ್ಲ. ಆಡು ಎಂದೂ ಹೇಳಲಿಲ್ಲ. ಬೇಸಿಗೆಗೆ ಚಳ್ಳಕೆರೆಗೆ ಕರೆಸಿಕೊಂಡೆ. ವೈದ್ಯರು ಒಂಬತ್ತು ತಿಂಗಳಿಗೆ ಮೊದಲು ಪಂದ್ಯದ ಮಾತೇ ಕೂಡದು, ಅವಸರ ಮಾಡಿದರೆ ಮತ್ತೆ ಹರಿಯುತ್ತದೆ ಎಂದು ಎಚ್ಚರಿಸಿದ್ದರು. ಅವರು ಬರೆದುಕೊಟ್ಟ ವ್ಯಾಯಾಮಗಳನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಮಾಳಿಗೆಯ ಮೇಲೆ ಮಾಡಿಸುತ್ತಿದ್ದೆ. ಅವನ ಅಜ್ಜಿ ಪೂಜೆ ಮುಗಿಸಿ ಬಂದು ಮಂಡಿಗೆ ವಿಭೂತಿ ಹಚ್ಚಿ, ಅವನು ಮೆಟ್ಟಿಲು ಹತ್ತಿ ಇಳಿಯುವುದನ್ನು ಎಣಿಸುತ್ತ ಕೂರುವರು. ಆಟ ಬೇಡವೆಂದವರೇ ಹತ್ತು ಮೆಟ್ಟಿಲು ಕಡಿಮೆಯಾದರೆ ಗದರಿಸುತ್ತಿದ್ದರು!

ಆ ದಿನಗಳಲ್ಲಿ ಒಮ್ಮೆ ಅವನನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೋಗಿ ಪರಿಚಯದ ನೇಕಾರರ ಮನೆಯಲ್ಲಿ ಮಗ್ಗ ತೋರಿಸಿದೆ. ಅಲ್ಲಿಯ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಒಡಲು ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣವಿರುವ ಸೀರೆಯನ್ನು ಮೂರು ಲಾಳಿಯಿಂದ ನೇಯುವಾಗ ನೇಕಾರನಿಗೆ ಪಕ್ಕದಲ್ಲಿ ಇನ್ನೊಬ್ಬರ ಕೈ ಬೇಕು. ಹುಡುಗ ಕೇಳಿದ, "ಆ ಇನ್ನೊಬ್ಬರಿಗೆ ಜ್ವರ ಬಂದ್ರೆ?" ಮನೆಯ ಯಜಮಾನರು ನಕ್ಕು, ಒಳಗಿನಿಂದ ಸೊಸೆಯನ್ನು ತೋರಿಸಿದರು. "ಅವಳಿಗೂ ಕಲಿಸಿಟ್ಟಿದ್ದೀವಲ್ಲಪ್ಪ" ಎಂದರು. ದಾರಿಯುದ್ದಕ್ಕೂ ಹುಡುಗ ಅದನ್ನೇ ಮಾತನಾಡಿದ.

ಗಾಯವನ್ನು ತಡೆಯುವ ವಿದ್ಯೆಯೂ ಬೆಳೆದಿದೆ. ಫಿಫಾ ಸಂಸ್ಥೆಯ ವೈದ್ಯರು ಸಿದ್ಧಪಡಿಸಿದ ಇಪ್ಪತ್ತು ನಿಮಿಷಗಳ ವ್ಯಾಯಾಮಕ್ರಮವೊಂದಿದೆ. ಅದನ್ನು "11 ಪ್ಲಸ್" ಎನ್ನುತ್ತಾರೆ. ಓಟ, ಒಂಟಿ ಕಾಲಿನ ಸಮತೋಲನ, ತೊಡೆಯ ಹಿಂಭಾಗದ ಸ್ನಾಯು ಬಲಪಡಿಸುವುದು, ನೆಗೆದು ಸರಿಯಾಗಿ ಇಳಿಯುವುದು ಇಷ್ಟೇ. ಚೆಂಡೊಂದನ್ನು ಬಿಟ್ಟರೆ ಬೇರೆ ಉಪಕರಣ ಬೇಡ. ನಾರ್ವೆಯಲ್ಲಿ ಹದಿಹರೆಯದ ಹೆಣ್ಣುಮಕ್ಕಳ 125 ಕ್ಲಬ್ಬುಗಳನ್ನು ಆರಿಸಿಕೊಂಡು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಮೂರರಲ್ಲೊಂದು ಭಾಗ, ತೀವ್ರವಾದವು ಅರ್ಧದಷ್ಟು ಕಡಿಮೆಯಾದವೆಂದು ಕಂಡುಬಂದಿತು. ಕಬಡ್ಡಿ, ಖೋಖೋ ಹುಡುಗರಿಗೂ ಮಂಡಿ ಎಂಬುದು ಇರುವುದರಿಂದ ನಮ್ಮ ತಾಲ್ಲೂಕುಗಳ ಶಿಕ್ಷಕಮಿತ್ರರು ಈ ಬಗೆಯ ವ್ಯಾಯಾಮವನ್ನು ಗಮನಿಸಬೇಕೆಂದು ನನ್ನ ವಿನಂತಿ. ಕಾಯಕವೆಂಬ ಮಾತಿನೊಳಗೇ ಕಾಯವಿದೆಯಷ್ಟೆ. ಮೈಮುರಿದು ದುಡಿಯುವುದನ್ನು ಹೊಗಳುವ ನಾವು ಮೈ ಕಾಯುವುದನ್ನು ಸೋಮಾರಿತನವೆಂದು ತಿಳಿಯಬಾರದು.

ಜೂನಿನಲ್ಲಿ ಹುಡುಗ ಬೆಂಗಳೂರಿಗೆ ಹೊರಟಾಗ ಅವನಿಗೆ ಒಂದೇ ಕರಾರು ಹಾಕಿದೆ. ಒಂಬತ್ತು ತಿಂಗಳು ತುಂಬಿದ ಮೇಲೆ ಯಾವ ಕ್ಲಬ್ಬಿಗೆ ಸೇರಿದರೂ ಮೊದಲು ಮೂರು ವಿಷಯ ಕೇಳಬೇಕು: ಅಭ್ಯಾಸಕ್ಕೆ ನಿಜವಾಗಿ ಬರುವವರು ಎಷ್ಟು ಮಂದಿ, ನನ್ನ ಜಾಗಕ್ಕೆ ಇನ್ನೊಬ್ಬ ಯಾರು, ಪೆಟ್ಟು ಬಿದ್ದರೆ ಕರೆದೊಯ್ಯುವವರು ಯಾರು. ಮಗಳಿಗೆ ಈ ಕರಾರು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮಗನ ಮುಖದಲ್ಲಿ ಗೆಲುವು ಕಂಡು ಸುಮ್ಮನಾದಳು. ಎರಡು ಕಡೆ ಕೇಳಿ, ಉತ್ತರ ಸರಿಬಾರದೆ ಅವನೇ ಹಿಂದಕ್ಕೆ ಬಂದ. ಮೂರನೆಯ ಕಡೆ ಸೇರಿದ. ಅಲ್ಲಿಯ ತರಬೇತುದಾರರು ಅವನನ್ನು ಎಂಟು ಪಂದ್ಯಗಳ ಕಾಲ ಬೆಂಚಿನಿಂದ ಏಳಿಸಲಿಲ್ಲ. ಒಂಬತ್ತನೆಯದರಲ್ಲಿ ಕೊನೆಯ ಇಪ್ಪತ್ತು ನಿಮಿಷ ಆಡಿಸಿದರು. ಮಗಳು ಆ ಇಪ್ಪತ್ತು ನಿಮಿಷವೂ ಮೈದಾನದ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದಳಂತೆ.

ಈಗ ಭಾನುವಾರ ಸಂಜೆ ಅವನ ಫೋನು ಬರುತ್ತದೆ. ಗೆದ್ದರೋ ಸೋತರೋ ಎಂಬುದನ್ನು ಹೇಳುವ ಮೊದಲು, "ಅಜ್ಜ, ಇವತ್ತು ಹದಿನೆಂಟು ಜನ ಬಂದಿದ್ರು" ಎನ್ನುತ್ತಾನೆ. ಅಡುಗೆಮನೆಯಿಂದ ಅವನ ಅಜ್ಜಿ, ಮಂಡಿ ಹೇಗಿದೆಯೆಂದು ಕೇಳಿರೆಂದು ಕೂಗುತ್ತಾರೆ.